ಕೆಂಪು ಬಂಡೆಯ ಹದಿನಾಲ್ಕು ಕುಳಿ

ಕಮಲಾಪುರದ ಹೊರಗೆ ಕೆಂಪು ಕಲ್ಲಿನ ಗಣಿ ಮಾಡಲು ಯಾರೋ ಜಮೀನು ಕೇಳಿದ್ದರು. ಅಗೆಯುವ ಮೊದಲು ಅಲ್ಲಿ ಹಳೆಯ ಕಾಲದ್ದೇನಾದರೂ ಇದೆಯೇ ಎಂದು ನೋಡಿ ವರದಿ ಕೊಡುವುದು ನಮ್ಮ ಕೆಲಸ. ನಾವು ಎಂದರೆ ಪುರಾತತ್ವ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು, ಮತ್ತು ಟೇಪು ಹಿಡಿಯುವ ಗುತ್ತಿಗೆ ನೌಕರಳಾದ ನಾನು. ಸರ್ವೆ ನಂಬರು ನೋಡಿದಾಗ ನನಗೇನೂ ಹೊಳೆದಿರಲಿಲ್ಲ. ಜೀಪಿನಿಂದಿಳಿದು ಬದುವಿನ ಬೇವಿನ ಮರ ಕಂಡ ಮೇಲೆ ಗೊತ್ತಾಯಿತು, ಇದು ಹಿಂದೆ ಅಪ್ಪ ಪಾಲಿಗೆ ಮಾಡುತ್ತಿದ್ದ ಹೊಲ. ಕಾಲು ತಾನಾಗಿ ಹೊಲದ ನಡುವಿನ ಕೆಂಪು ಬಂಡೆಯ ಕಡೆ ನಡೆಯಿತು.

ಬಂಡೆಯ ಮೇಲೆ ಎರಡು ಸಾಲು, ಸಾಲಿಗೆ ಏಳು ಕುಳಿ. ಸಾಹೇಬರು ಮಂಡಿಯೂರಿ ಕುಳಿತೇಬಿಟ್ಟರು.

"ಇವು ಭಾಳ ಹಳೇವು ಕಾಣ್ತಾವ್ರೀ. ಖರೇ ಆದ್ರ ಈ ಬಂಡಿಗಿ ಯಾರೂ ಕೈ ಹಚ್ಚಂಗಿಲ್ಲ."

ಹಳೆಯವಂತೆ! ಅಪ್ಪನ ಮೊಂಡು ಹಾರೆ ಕದ್ದು, ಅಕ್ಕ ಮತ್ತು ನಾನು ಒಂದು ಬೇಸಿಗೆ ರಜೆಯಿಡೀ ಕೊರೆದ ಅಳಗುಳಿ ಮಣೆ ಅದು. ಹುಣಸೆ ಬೀಜ ಹಾಕಿ ಆಡುತ್ತಿದ್ದೆವು. ಅಕ್ಕ ಮೋಸ ಮಾಡಿ ಗೆಲ್ಲುತ್ತಿದ್ದಳು, ನಾನು ಅತ್ತು ಗೆಲ್ಲುತ್ತಿದ್ದೆ. ಮರುವರ್ಷ ಕಾಮಾಲೆಯಲ್ಲಿ ಹೋಗಿಬಿಟ್ಟಳು. ಅವಳದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ.

ಸಾಹೇಬರಿಗೆ ಇದನ್ನು ಹೇಳದೆ ಅಳತೆ ಕೋಲು ಇಟ್ಟು ಫೋಟೋ ತೆಗೆದೆ. ಒಂದೊಂದೇ ಕುಳಿಯ ಆಳ ಬರೆದುಕೊಂಡೆ. ಒಳಗೆ ಬೆರಳಿಟ್ಟಾಗ ಅಕ್ಕ ಎಷ್ಟು ಬೇಕೆನಿಸಿದಳೆಂದರೆ, ಅಲ್ಲೇ ಕುಳಿತು ಅಳುವುದೊಂದು ಬಾಕಿ. ಕಳ್ಳನ ಜೀವ ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಸಾಹೇಬರು ಕೊಟ್ಟ ಕೆಂಪು ಬಾಳೆಹಣ್ಣನ್ನು ತಿನ್ನದೆ ಚೀಲಕ್ಕೆ ಹಾಕಿಕೊಂಡೆ.

ಕಲಬುರಗಿಗೆ ಮರಳಿ, ಜೇವರ್ಗಿ ಕಾಲೋನಿಯ ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ತೊಗರಿಬೇಳೆ ಹಸನು ಮಾಡುತ್ತಿದ್ದವಳ ಕೈ ನಿಂತಿತು.

"ಹಳೇವಂತ ಬರದ್ಬಿಡು. ಯಾರಿಗೆ ಗೊತ್ತಾಗ್ತದ?"

ನನಗೂ ಅದೇ ಬೇಕಿತ್ತು. ಆದರೆ ಎಷ್ಟೋ ಊರುಗಳಲ್ಲಿ "ಇದು ನಮ್ಮ ಹಿರಿಯರ ಕಲ್ಲು" ಎಂದು ಕಣ್ಣೀರು ಹಾಕಿದವರಿಗೆ, "ಪುರಾವೆ ಇಲ್ರೀ" ಎಂದು ಹೇಳಿ ಬಂದವಳು ನಾನೇ. ಅವರಿಗೊಂದು ನ್ಯಾಯ, ನನಗೊಂದು ನ್ಯಾಯವೇ? ಆ ರಾತ್ರಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಹಂಗಾದ್ರ ನೀವೇ ಬರೀರಿ" ಅಂದರು.

ಬರೆದೆ. ಇತ್ತೀಚಿನವು, ಮಕ್ಕಳು ಆಟಕ್ಕೆ ಕೊರೆದ ಕುಳಿಗಳು, ಮಹತ್ವವಿಲ್ಲ. ಕೆಳಗೆ ನನ್ನದೇ ಸಹಿ.

ಸಂಜೆ ಅವ್ವ ಬೈಯಲಿಲ್ಲ. ಮೊಬೈಲಿನಲ್ಲಿರುವ ಫೋಟೋ ತೋರಿಸೆಂದಳು.

"ಇದ್ರಾಗ ಅಕಿ ಕೊರದಿದ್ದು ಯಾವು?"

"ಗುಂಡಗ ಇದ್ದವು ಅಕಿವು. ಸೊಟ್ಟ ಇದ್ದವು ನನ್ನವು."

ಅವ್ವ ಗುಂಡನೆಯ ಕುಳಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಆಮೇಲೆ ಮೊಬೈಲು ನನ್ನ ಕೈಗಿಟ್ಟಳು.

"ನಾಳೆ ಇದನ್ನ ದೊಡ್ಡದು ಮಾಡಿಸ್ಕೊಂಡು ಬಾ. ನಿಮ್ಮಪ್ಪನ ಫೋಟೋದ ಬಾಜೂಕ ಹಾಕೂನು."