ಶರಣಮ್ಮನವರ ವ್ಯಾನಿನ ಮೊಣಕಾಲು

ಮಸ್ಕಿಯಿಂದ ಲಿಂಗಸುಗೂರು ಎಷ್ಟು ದೂರ ಎಂದು ಕೇಳಿದರೆ ಊರವರೆಲ್ಲ ಕಿಲೋಮೀಟರಿನಲ್ಲಿ ಹೇಳುತ್ತಿದ್ದರು. ಶರಣಮ್ಮ ಮಾತ್ರ ಮುರಿದ ರೊಟ್ಟಿಯಲ್ಲಿ ಹೇಳುತ್ತಿದ್ದರು.

“ಲಿಂಗಸುಗೂರು ಹನ್ನೆರಡು ರೊಟ್ಟಿ ದೂರ ಐತ್ರೀ ಅಕ್ಕೋರೇ. ಸಿಂಧನೂರು ಎಂಟು ರೊಟ್ಟಿ. ಕಾಲುವಿ ದಂಡಿ ದಾರಿ ಹಿಡದ್ರ ಮಾತ್ರ ಲೆಕ್ಕ ಹಾಕಬ್ಯಾಡ್ರಿ. ಮನ್ಯಾಗ ರೊಟ್ಟಿ ಹೇರಿ ಅಲ್ಲಿ ಹಿಟ್ಟು ಇಳಸಬೇಕಾಗತೈತಿ.”

ಆ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನಾನು ತುಮಕೂರಿನವಳು, ಮಸ್ಕಿಯ ಪ್ರೌಢಶಾಲೆಗೆ ವಿಜ್ಞಾನ ಕಲಿಸಲು ಹೋದವಳು ಶರಣಮ್ಮನವರ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಹಿಂದಿನ ದೊಡ್ಡ ಕೋಣೆಯಲ್ಲಿ ಅವರೂ ಇನ್ನು ನಾಲ್ವರು ಹೆಂಗಸರೂ ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಣಗಿಸಿದ ಖಡಕ್ ರೊಟ್ಟಿ. ಹಪ್ಪಳದಷ್ಟು ತೆಳು, ಮುಟ್ಟಿದರೆ ಚಟ್ಟೆನ್ನುವಂಥದ್ದು. ತಿಂಗಳಿಟ್ಟರೂ ಕೆಡದ ಆ ರೊಟ್ಟಿಗೆ ಲೋಕದಲ್ಲಿದ್ದ ಶತ್ರು ಒಂದೇ: ಕುಲುಕಾಟ. ಮತ್ತು ಅದನ್ನು ಊರೂರಿಗೆ ಒಯ್ಯುತ್ತಿದ್ದದ್ದು ಕುಲುಕುವುದಕ್ಕೆಂದೇ ಹುಟ್ಟಿದಂತಿದ್ದ ಒಂದು ಹಳೇ ವ್ಯಾನು.

ವ್ಯಾನು ಅವರ ಗಂಡ ಕೊಂಡಿದ್ದು. ಕೊಂಡ ವರ್ಷವೇ ಅವರು ತೀರಿಕೊಂಡರು. “ಈ ಗಾಡಿ ನಮ್ಮನ್ನ ಮ್ಯಾಲ ತರತೈತಿ ಅಂದಿದ್ರು ನಮ್ಮನಿಯವ್ರು,” ಎನ್ನುತ್ತಿದ್ದರು ಶರಣಮ್ಮ. “ನೋಡಿದ್ರ ನನ್ನ ಕೆಳಗ ಮಲಗಸೇತಿ.”

ಮಲಗಿಸಿದ್ದು ನಿಜವೇ. ಭಾನುವಾರ ಬಂದರೆ ಇಳಕಲ್ ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ಗೋಣಿಚೀಲ ಹಾಸಿ, ಅವರು ವ್ಯಾನಿನ ಕೆಳಗೆ ಹೋಗಿಬಿಡುತ್ತಿದ್ದರು. ಮೊದಮೊದಲು ಅದನ್ನು ಸಿಂಧನೂರಿನ ಗ್ಯಾರೇಜಿಗೆ ಒಯ್ಯುತ್ತಿದ್ದರಂತೆ. ಒಮ್ಮೆ ಮುಂದಿನ ಗಾಲಿಯ ಕೆಲಸಕ್ಕೆಂದು ಅಲ್ಲಿ ಹನ್ನೊಂದು ದಿನ ನಿಲ್ಲಿಸಿಕೊಂಡರು. ಶರಣಮ್ಮ ದಿನಾ ಬಸ್ಸಿನಲ್ಲಿ ಹೋಗಿ, ಮೆಕ್ಯಾನಿಕ್ಕಿನ ಪಕ್ಕದಲ್ಲೇ ಒಂದು ಟೈರಿನ ಮೇಲೆ ಕುಳಿತು, ಮೊರದಲ್ಲಿ ಜೋಳ ಕೇರುತ್ತ ನೋಡಿದರು.

“ಹನ್ನೊಂದು ದಿನ ಅವನ ಕೈ ನೋಡಿದೆ ಅಕ್ಕೋರೇ. ಎರಡೇ ಕೈ ಇದ್ದುವು. ನನಗೂ ಎರಡು ಅದಾವಲ್ಲ ಅನಿಸ್ತು.”

ಅಂದಿನಿಂದ ಮುಂದಿನ ಗಾಲಿಗಳ ವೈದ್ಯ ಅವರೇ. ಎಂಜಿನ್ನು ಮುಟ್ಟುತ್ತಿರಲಿಲ್ಲ. “ಎದಿ ರೋಗಕ್ಕ ಡಾಕ್ಟರ್ ಬೇಕ್ರೀ. ಮಣಕಾಲ ಬ್ಯಾನಿಗೆ ಮನೀ ಮಂದಿ ಸಾಕು. ಗಾಡಿನೂ ಮನಿಶ್ಯಾ ಇದ್ದಂಗ, ಮೊದಲು ಮಣಕಾಲೇ ಹೋಗತಾವ.” ಬಿಡಿಭಾಗಗಳಿಗೆಲ್ಲ ಅವರದೇ ಹೆಸರು. ಗಾಲಿಯ ಮೇಲೆ ನಿಲ್ಲುವ ಸುರುಳಿ ಸ್ಪ್ರಿಂಗು ಚಕ್ಕುಲಿ. ಅದರ ನಡುವಿನ ಉದ್ದನೆಯ ಶಾಕ್ ಅಬ್ಸಾರ್ಬರ್ ಒನಕಿ. ಗಾಲಿಯನ್ನು ಹಿಡಿದಿಡುವ ಕಬ್ಬಿಣದ ತೋಳಿಗೆ ಕೂರಿಸುವ ತೂತಿನ ರಬ್ಬರು ಬುಷ್ಷು ಉದ್ದಿನವಡಿ.

ಲಿಂಗಸುಗೂರಿನಲ್ಲಿ ಮಲ್ಲಪ್ಪ ಎಂಬವರ ಖಾನಾವಳಿ ಇತ್ತು. ಶರಣಮ್ಮನವರ ರೊಟ್ಟಿಯಲ್ಲಿ ಅರ್ಧಕ್ಕರ್ಧ ಹೋಗುತ್ತಿದ್ದದ್ದು ಅಲ್ಲಿಗೇ. ಒಂದು ಸೋಮವಾರ ಮಲ್ಲಪ್ಪ ವ್ಯಾನಿನ ಬಾಗಿಲು ತೆಗೆದು, ಮೇಲಿನ ಬಟ್ಟೆ ಸರಿಸಿ, ಕೈಹಾಕಿ, ಬೊಗಸೆ ತುಂಬ ಚೂರು ಎತ್ತಿದರಂತೆ.

“ಶರಣಮ್ಮಾ, ನಾ ಹೇಳಿದ್ದು ರೊಟ್ಟಿ. ನೀ ತಂದಿದ್ದು ನುಚ್ಚು. ಬರೋ ಸೋಮವಾರನೂ ಹಿಂಗ ಆದ್ರ ನಾ ಮುದಗಲ್ಲಿಂದ ತರಸ್ತೀನಿ ನೋಡು.”

ಅಂದು ಮನೆಗೆ ಬಂದ ಶರಣಮ್ಮ ಉಣ್ಣಲಿಲ್ಲ. ವ್ಯಾನಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು, “ಯಾಕ ಬೇ, ನಿನಗೇನು ಕಡಿಮಿ ಮಾಡೀನಿ? ಒಳಗ ನಾಕು ಹೆಣ್ಮಕ್ಕಳು ನಿನ್ನ ನಂಬಿ ರೊಟ್ಟಿ ಬಡ್ಯಾಕತ್ತಾರ,” ಎಂದು ಕೇಳಿದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅದೇ ನಾನು ಮಾಡಿದ ತಪ್ಪು.

“ಅಕ್ಕೋರೇ, ಮುಂದಿನ ಸೀಟಿನ ಮ್ಯಾಲ ಕುಂತು ಒಂಚೂರು ಕುಣೀರಿ. ಸಪ್ಪಳ ಎಲ್ಲಿಂದ ಬರತೈತಿ ಕೇಳತೀನಿ.”

ಕುಣಿದೆ. ಅವರು ಒಂದೊಂದೇ ಗಾಲಿಗೆ ಕಿವಿಯಿಟ್ಟು, “ಇನ್ನಷ್ಟು ಜೋರ್ರೀ! ಉಪ್ಪಿಟ್ಟು ತಿಂದವ್ರಂಗ ಕುಣಿಬ್ಯಾಡ್ರಿ, ರೊಟ್ಟಿ ತಿಂದವ್ರಂಗ ಕುಣೀರಿ!” ಎಂದು ಹುರಿದುಂಬಿಸಿದರು. ಎಡಗಡೆಯಿಂದ ಟಕ್ ಟಕ್ ಎಂದು ಕೇಳಿತು. ಅಷ್ಟರಲ್ಲಿ ಟ್ಯೂಷನ್ ಮುಗಿಸಿಕೊಂಡು ಹೋಗುತ್ತಿದ್ದ ನನ್ನ ಒಂಬತ್ತನೇ ತರಗತಿಯ ಮಕ್ಕಳು ಗೇಟಿನ ಬಳಿ ಸಾಲಾಗಿ ನಿಂತಿದ್ದು ಕಣ್ಣಿಗೆ ಬಿತ್ತು. ಮರುದಿನ ನಾನು ತರಗತಿಯೊಳಗೆ ಕಾಲಿಟ್ಟೊಡನೆ ಹಿಂದಿನ ಬೆಂಚೊಂದು ಮೆಲ್ಲಗೆ ಕುಣಿಯಿತು.

ಶನಿವಾರ ಅರ್ಧ ದಿನದ ಶಾಲೆ. ಸಾಮಾನು ತರಲು ನನ್ನನ್ನೇ ಸಿಂಧನೂರಿಗೆ ಕಳಿಸಿದರು. ಬಿಡಿಭಾಗಗಳ ಅಂಗಡಿಯಲ್ಲಿ ಜನವೋ ಜನ. ನನ್ನ ಸರದಿ ಬಂದಾಗ ಬುಷ್ಷಿನ ನಿಜವಾದ ಹೆಸರು ತಲೆಯಿಂದ ಹಾರಿಹೋಯಿತು. “ಎರಡು ಉದ್ದಿನವಡೆ, ಒಂದು ಒನಕೆ” ಎಂದುಬಿಟ್ಟೆ.

ಅಂಗಡಿಯಾತ ಒಂದು ಗಳಿಗೆ ನನ್ನ ಮುಖ ನೋಡಿದ. ಹೋಟೆಲಿನ ದಾರಿ ತೋರಿಸುತ್ತಾನೆ ಎಂದುಕೊಂಡೆ. “ಮಸ್ಕಿ ಶರಣಮ್ಮಾರು ಕಳಿಸ್ಯಾರೇನ್ರೀ?” ಎಂದ. ಹೌದೆಂದೆ. “ಎಡಕ್ಕೋ ಬಲಕ್ಕೋ?” ಎಂದು ಮಾತ್ರ ಕೇಳಿ, ಒಳಗೆ ಹೋಗಿ, ಸರಿಯಾದ ಸಾಮಾನು ತಂದು ಕಾಗದದಲ್ಲಿ ಸುತ್ತಿಕೊಟ್ಟ.

ಭಾನುವಾರ ಬೆಳಗ್ಗೆ ಕೆಲಸ ಶುರುವಾಯಿತು. ಶರಣಮ್ಮ ವಿಚಿತ್ರದವರೇನೋ ಹೌದು, ಹುಚ್ಚರಲ್ಲ. ಹಿಂದಿನ ಗಾಲಿಗಳಿಗೆ ಇಟ್ಟಿಗೆ ಇಟ್ಟರು. ಜಾಕ್ ಏರಿಸಿ ವ್ಯಾನಿನ ಮೂತಿ ಎತ್ತಿದ ಮೇಲೆ ಅಜ್ಜಿಯ ಕಾಲದ ಒರಳುಕಲ್ಲನ್ನು ಉರುಳಿಸಿ ತಂದು, ಮೇಲೊಂದು ಮರದ ದಿಮ್ಮಿ ಇಟ್ಟು, ವ್ಯಾನಿನ ಭಾರವನ್ನು ಅದರ ಮೇಲೆ ಕೂರಿಸಿದರು. “ಜಾಕ್ ನಂಬಿ ಕೆಳಗ ಹೋಗಬಾರದ್ರೀ. ಜಾಕ್ ಅಳಿಯ ಇದ್ದಂಗ, ಯಾವಾಗ ಕುಂದ್ರತಾನ ಗೊತ್ತಾಗಂಗಿಲ್ಲ. ಒರಳು ಅತ್ತಿ ಇದ್ದಂಗ, ಎಬ್ಬಿಸಿದ್ರೂ ಏಳಂಗಿಲ್ಲ.”

ಗಾಲಿ ಬಿಚ್ಚಿ, ಚಕ್ಕುಲಿ ಸಮೇತ ಒನಕೆಯನ್ನು ಹೊರಗೆ ತೆಗೆದೆವು. ಇನ್ನು ಸ್ಪ್ರಿಂಗನ್ನು ಅದುಮಿ ಹಿಡಿದು, ಮೇಲಿನ ನಟ್ಟು ಬಿಚ್ಚಬೇಕು. ಅದುಮುವುದಕ್ಕೆ ಗ್ಯಾರೇಜಿನಲ್ಲಿ ಕೊಕ್ಕೆಯ ಸಾಧನ ಇರುತ್ತದೆ. ಶರಣಮ್ಮನವರ ಬಳಿ ಇದ್ದದ್ದು ಬಂಡಿಯ ಹಗ್ಗ. ಅದನ್ನೇ ಸ್ಪ್ರಿಂಗಿಗೆ ಬಿಗಿದು ಕಟ್ಟಿ ನಟ್ಟು ಸಡಿಲಿಸತೊಡಗಿದರು.

ಇಲ್ಲಿ ನನ್ನ ವಿಜ್ಞಾನ ಎಚ್ಚರಗೊಂಡಿತು. “ಶರಣಮ್ಮಾರೇ, ಬೇಡ. ಅದುಮಿದ ಸ್ಪ್ರಿಂಗಿನೊಳಗೆ ಶಕ್ತಿ ಸಂಗ್ರಹವಾಗಿರುತ್ತೆ. ಹಗ್ಗ ತಡೆಯಲ್ಲ.”

“ಎಷ್ಟು ಶಕ್ತಿ ಇರತೈತ್ರೀ?”

ನಾನು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಸೂತ್ರ ಬರೆಯತೊಡಗಿದೆ. ಅಷ್ಟರಲ್ಲಿ ಅವರು ನಟ್ಟಿನ ಕೊನೆಯ ಸುತ್ತು ತಿರುಗಿಸಿಬಿಟ್ಟರು.

ಫಟ್ಟೆಂದು ಹಗ್ಗ ಹರಿಯಿತು. ನಾವಿಬ್ಬರೂ ಒಂದೇ ಕಡೆ ಕೂತಿದ್ದದ್ದು ನಮ್ಮ ಪುಣ್ಯ. ಸ್ಪ್ರಿಂಗು ಇನ್ನೊಂದು ಕಡೆಗೆ ಜಿಗಿಯಿತು. ನೆಲಕ್ಕೊಮ್ಮೆ ಬಡಿದು, ಕಾಂಪೌಂಡ್ ಗೋಡೆಯನ್ನು ಹಾರಿ, ಪಕ್ಕದ ಮನೆಯ ಸಿದ್ದಣ್ಣನವರ ಪಡಸಾಲೆಗೆ ಹೋಯಿತು. ಒಳಗಿನಿಂದ ತಗಡಿನ ಸದ್ದೊಂದು ಬಂತು.

ಶರಣಮ್ಮ ನನ್ನ ಸೂತ್ರವನ್ನು ನೋಡಿದರು. “ಶಕ್ತಿ ಐತಿ ಅಂತ ಹೇಳಿದ್ರಿ ಅಕ್ಕೋರೇ. ಸಿದ್ದಣ್ಣನ ಮನಿಗೆ ಹೋಗತೈತಿ ಅಂತ ಹೇಳಲಿಲ್ಲ.”

ಸಿದ್ದಣ್ಣ ಬಹಳ ಒಳ್ಳೆಯ ಮನುಷ್ಯ. ಬೈಯಬಹುದಿತ್ತು, ಬೈಯಲಿಲ್ಲ. ಸ್ಪ್ರಿಂಗನ್ನು ಮಗುವಿನಂತೆ ಎತ್ತಿಕೊಂಡು ಬಂದು, “ನಿಮ್ಮ ಸಾಮಾನು ಎಲ್ಲಾ ಬಂದೈತಿಲ್ಲೋ ನೋಡಿಕೊಳ್ರಿ ಅಕ್ಕಾ, ನಮ್ಮ ನೆಲದ ಮ್ಯಾಲ ಬಿದ್ದದ್ದೆಲ್ಲಾ ಆರಿಸಿ ತಂದೀನಿ” ಎಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದರು.

ಆ ಮೇಲೆ ಶರಣಮ್ಮ ಬಸ್ಸು ಹತ್ತಿ, ಸಿಂಧನೂರಿನ ಗ್ಯಾರೇಜಿನಿಂದ ಕೊಕ್ಕೆಯ ಸಾಧನವನ್ನು ಕೇಳಿ ತಂದರು. ಸಂಜೆಯೊಳಗೆ ಹೊಸ ವಡೆ, ಹೊಸ ಒನಕೆ, ಹಳೇ ಚಕ್ಕುಲಿ ಎಲ್ಲ ಕೂತವು. ನಾನು ಮತ್ತೊಮ್ಮೆ ಸೀಟಿನ ಮೇಲೆ ಕುಣಿದೆ, ಈ ಸಲ ಗೇಟು ಹಾಕಿಸಿ. ಸದ್ದಿಲ್ಲ.

ಸೋಮವಾರ ಲಿಂಗಸುಗೂರಿಗೆ ನಾನೂ ಬರಬೇಕೆಂದು ಹಟ ಹಿಡಿದರು. ರಜೆ ಅರ್ಜಿಯಲ್ಲಿ ‘ಮೊಣಕಾಲಿನ ತೊಂದರೆ’ ಎಂದು ಬರೆದು ಕಳಿಸಿದೆ. ಸುಳ್ಳಲ್ಲ, ಯಾರ ಮೊಣಕಾಲು ಎಂದಷ್ಟೇ ಬರೆದಿರಲಿಲ್ಲ. ಹೊರಡುವ ಮುಂಚೆ ಕಟ್ಟೆ ಗುಡಿಸುತ್ತಿದ್ದಾಗ ನನ್ನ ಪೊರಕೆಗೆ ಏನೋ ಸಿಕ್ಕು ಠಣ್ ಎಂದಿತು. ಬಗ್ಗಿ ನೋಡಿದರೆ ಒಂದು ನಟ್ಟು.

ಎಲ್ಲ ಜೋಡಿಸಿದ ಮೇಲೆ ಒಂದು ನಟ್ಟು ಉಳಿದಿದೆ! ಹೇಳಿದರೆ ವ್ಯಾನು ಹೊರಡುವುದಿಲ್ಲ, ಖಾನಾವಳಿ ಕೈತಪ್ಪುತ್ತದೆ. ಹೇಳದಿದ್ದರೆ ದಾರಿಯಲ್ಲಿ ಗಾಲಿ ಬೇರೆ, ನಾವು ಬೇರೆ. ಅಷ್ಟರಲ್ಲಿ ಶರಣಮ್ಮ ಹಾರ್ನು ಹೊಡೆದರು. ನಾನು ನಟ್ಟನ್ನು ಪರ್ಸಿಗೆ ಹಾಕಿಕೊಂಡು ಹತ್ತಿದೆ. ಮಸ್ಕಿಯ ಗುಡ್ಡ ಹಿಂದಾಯಿತು. ಪ್ರತಿ ತಗ್ಗಿಗೂ ನಾನು ಎಡಗಾಲಿಯ ಕಡೆ ಕಿವಿಗೊಡುತ್ತಿದ್ದೆ. ಹೆದರಿಕೆಗೆ ಕೈ ತಾನಾಗಿ ಹಿಂದಕ್ಕೆ ಹೋಗಿ ಒಂದು ರೊಟ್ಟಿ ತೆಗೆದು ಬಾಯಿಗೆ ಕೊಡುತ್ತಿತ್ತು. ನಾಲ್ಕೈದು ಕಿಲೋಮೀಟರ್ ಆದ ಮೇಲೆ ತಡೆಯಲಾಗಲಿಲ್ಲ.

“ಶರಣಮ್ಮಾರೇ, ಒಂದು ನಟ್ಟು ಉಳಿದಿದೆ.”

ಅವರು ಮೆಲ್ಲಗೆ, ಒಂದು ರೊಟ್ಟಿಯೂ ಅಲುಗದಂತೆ, ವ್ಯಾನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ. “ಹೇಳಿದ್ದು ಚೊಲೋ ಆತು” ಎಂದಷ್ಟೇ ಹೇಳಿ ಪಾನಾಗಳ, ಅಂದರೆ ಸ್ಪ್ಯಾನರುಗಳ, ಡಬ್ಬಿ ತೆಗೆದರು. ಗೋಣಿಚೀಲ ಹಾಸಿಕೊಂಡು ಕೆಳಗೆ ಹೋಗಿ, ಪ್ರತಿಯೊಂದು ನಟ್ಟಿಗೂ ಪಾನಾ ಹಾಕಿ ತಿರುಗಿಸಿ ನೋಡಿದರು. ಎಡ, ಬಲ, ಮತ್ತೆ ಎಡ. ಹೊರಗೆ ಬಂದು ನನ್ನ ಕೈಯಲ್ಲಿದ್ದ ನಟ್ಟನ್ನು ಬಿಸಿಲಿಗೆ ಹಿಡಿದರು.

“ಇದು ನಮ್ಮದಲ್ರೀ. ನಮ್ಮವೆಲ್ಲಾ ತಮ್ಮ ತಮ್ಮ ಮನ್ಯಾಗ ಅದಾವ.”

“ಹಾಗಾದರೆ ಯಾರದು?”

“ಯಾರಿಗ್ಗೊತ್ತು. ಯಾರದೋ ಗಾಡಿ ಒಂದು ನಟ್ಟು ಕಡಿಮಿ ಇಟಗೊಂಡು ಓಡಾಕತ್ತೈತಿ, ಪಾಪ.”

ಖಾನಾವಳಿಯ ಮುಂದೆ ಮಲ್ಲಪ್ಪ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಬಟ್ಟೆ ಸರಿಸಿದರು. ಒಂದೊಂದೇ ಕಟ್ಟು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಶರಣಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಡೆಯ ಕಟ್ಟು ಇಳಿದ ಮೇಲೆ ಮಲ್ಲಪ್ಪ ಹೇಳಿದರು: “ಒಂದು ಮುರದೈತಿ. ಮತ್ತ ಮ್ಯಾಲಿನ ಕಟ್ಟಿನ್ಯಾಗ ನಾಕು ಕಡಿಮಿ ಅದಾವ.”

“ಒಂದು ರಸ್ತಾದ ಪಾಲು,” ಎಂದರು ಶರಣಮ್ಮ. “ನಾಕು ಅಕ್ಕೋರು ತಿಂದಾರ.”

ಮಲ್ಲಪ್ಪ ಬಿದ್ದು ಬಿದ್ದು ನಕ್ಕರು. ಮುದಗಲ್ಲಿನ ಮಾತು ಮತ್ತೆ ಬರಲಿಲ್ಲ. ನಮ್ಮಿಬ್ಬರನ್ನೂ ಕೂರಿಸಿ ಊಟ ಹಾಕಿಸಿದರು. ಬದನೆಯ ಎಣಗಾಯಿ ಪಲ್ಯದ ಜೊತೆ ರೊಟ್ಟಿ ಬಡಿಸಲು ಬಂದಾಗ ಶರಣಮ್ಮ ಕೈ ಅಡ್ಡ ಹಿಡಿದರು: “ನನಗ ಅನ್ನ ಕೊಡ್ರಿ. ರೊಟ್ಟಿ ನೋಡಿದ್ರ ಎದಿ ಡಬಡಬ ಅಂತೈತಿ.”

ನಟ್ಟಿನ ಗುಟ್ಟು ತಿಳಿದದ್ದು ಬುಧವಾರ. ಸಿದ್ದಣ್ಣ ಸಂಜೆಯ ಸೆಕೆಗೆ ಪಡಸಾಲೆಯಲ್ಲಿ ಕೂಲರಿನ ಎದುರು ಮಲಗಿದ್ದಾಗ ಕೂಲರಿನ ಸ್ಟ್ಯಾಂಡು ಒಂದು ಕಾಲು ಮಡಚಿ, ನೀರೆಲ್ಲ ಅವರ ಮೇಲೆ ಸುರಿಯಿತು. ಭಾನುವಾರ ನಮ್ಮ ಸ್ಪ್ರಿಂಗು ಬಡಿದದ್ದು ಆ ಸ್ಟ್ಯಾಂಡಿಗೆ. ಉದುರಿದ ಅದರ ನಟ್ಟನ್ನೇ ಪುಣ್ಯಾತ್ಮರು ನಮ್ಮದೆಂದು ಆರಿಸಿ ತಂದುಕೊಟ್ಟಿದ್ದರು. ಸದ್ದು ಕೇಳಿ ನನ್ನ ಜೊತೆ ಓಡಿದ ಶರಣಮ್ಮ ಸ್ಟ್ಯಾಂಡನ್ನು ನೋಡಿದರು, ನನ್ನನ್ನು ನೋಡಿದರು. ಮನೆಗೆ ಬಂದು ಆ ನಟ್ಟು ತೆಗೆದುಕೊಂಡು ಹೋಗಿ ಕೂರಿಸಿದರು. ತೊಯ್ದು ನಿಂತಿದ್ದ ಸಿದ್ದಣ್ಣ ಓಣಿಗೆಲ್ಲ ಹೇಳಿಕೊಂಡು ಬಂದರು: “ಏನು ಹೆಣ್ಮಗಳಪ್ಪಾ! ಅಳತಿ ಇಲ್ಲ, ಏನಿಲ್ಲ. ಒಂದ ಸಲ ನೋಡಿದ್ರು, ಸರೀ ನಟ್ಟ ತಂದ್ರು!”

ಶರಣಮ್ಮ ಈ ಹೊಗಳಿಕೆಯನ್ನು ತಲೆ ತಗ್ಗಿಸಿ ಸ್ವೀಕರಿಸಿದರು. ಆ ವಾರ ದಿನಾ ಸಿದ್ದಣ್ಣನವರ ಮನೆಗೆ ಬಿಸಿ ರೊಟ್ಟಿ ಹೋಯಿತು.

ಅದೇ ಗುರುವಾರ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಮೊಣಕಾಲು ಹೇಗಿದೆ ಎಂದು ವಿಚಾರಿಸಿದರು. ಹೊಸ ರಬ್ಬರ್ ಹಾಕಿಸಿದ್ದೇವೆ ಸರ್ ಎಂದೆ. ಅವರು ನನ್ನ ರಜೆ ಅರ್ಜಿಯನ್ನು ತೆಗೆದು ಮತ್ತೊಮ್ಮೆ ಓದಿದರು.

ಮೂರು ವರ್ಷದ ಮೇಲೆ ನನಗೆ ತುಮಕೂರಿಗೆ ವರ್ಗವಾಯಿತು. ಸಿಂಧನೂರಿನಿಂದ ದೂರದ ಬಸ್ಸು. ಅಲ್ಲಿಯವರೆಗೆ ವ್ಯಾನಿನಲ್ಲೇ ಬಿಡುತ್ತೇನೆಂದು ಶರಣಮ್ಮ ನನ್ನ ಟ್ರಂಕು, ಹಾಸಿಗೆ, ಪಾತ್ರೆಗಳನ್ನೆಲ್ಲ ಹೇರಿದರು. ದಾರಿಯುದ್ದಕ್ಕೂ ಅವರು ರಸ್ತೆಯ ಕಡೆ, ನಾನು ಭತ್ತದ ಗದ್ದೆಗಳ ಕಡೆ ನೋಡುತ್ತ ಕುಳಿತಿದ್ದೆವು. ಇನ್ನು ಸ್ವಲ್ಪ ದಾರಿ ಇದೆ ಎನ್ನುವಾಗ ರಸ್ತೆಯ ಪಕ್ಕದಲ್ಲಿ ಇನ್ನೊಂದು ಹಳೇ ವ್ಯಾನು ನಿಂತಿತ್ತು. ಮುಂದಿನ ಗಾಲಿ ಹೊರಗೆ ವಾಲಿತ್ತು. ಸುತ್ತ ಕೆಂಪು ಕೋಟು ತೊಟ್ಟ ಬ್ಯಾಂಡಿನವರು, ಕೈಯಲ್ಲಿ ತುತ್ತೂರಿ, ಡೋಲು. ದಢೇಸುಗೂರಿನ ಮದುವೆಗೆ ಹೊರಟವರಂತೆ.

ಶರಣಮ್ಮ ಬ್ರೇಕು ಹಾಕಿದರು. ನನ್ನನ್ನು ಕೇಳಲೂ ಇಲ್ಲ. ಬ್ಯಾಂಡಿನವರಿಂದ ಕಲ್ಲು ತರಿಸಿ ಆಸರೆ ಕೊಡಿಸಿ, ಖಾಕಿ ಅಂಗಿ ತೊಟ್ಟು ಕೆಳಗೆ ಹೋದರು. ನಾನು ಡಬ್ಬಿ ಹಿಡಿದು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಸಿಂಧನೂರಿಗೆ ಹೋಗುವ ಬಸ್ಸು ಬಂತು, ನನ್ನ ದೂರದ ಬಸ್ಸಿಗೂ ಹೊತ್ತಾಗುತ್ತಿತ್ತು. ಬ್ಯಾಂಡಿನವರು ಕೈಯಡ್ಡ ಹಾಕಿ ನಿಲ್ಲಿಸಿ, ನನ್ನ ಸಾಮಾನನ್ನೆಲ್ಲ ಅದಕ್ಕೆ ಏರಿಸಿದರು. ನಾನು ಬಗ್ಗಿ ಕರೆದೆ.

“ಶರಣಮ್ಮಾರೇ, ಬಸ್ಸು ಬಂತು. ಹೋಗಿ ಬರ್ತೀನಿ.”

ವ್ಯಾನಿನ ಕೆಳಗಿನಿಂದ ಗ್ರೀಸು ಮೆತ್ತಿದ ಒಂದು ಕೈ ಹೊರಬಂತು. ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡೆ.

“ಕೈ ಅಲ್ರೀ ಅಕ್ಕೋರೇ,” ಎಂದಿತು ಕೆಳಗಿನ ದನಿ. “ಹದಿನೇಳನೇ ನಂಬರಿನ ಪಾನಾ.”

ಹುಡುಕಿ ಕೊಟ್ಟೆ. ಕೈ ಪಾನಾ ಹಿಡಿದುಕೊಂಡಿತು. ಆದರೆ ಕೂಡಲೇ ಒಳಗೆ ಹೋಗಲಿಲ್ಲ. ಪಾನಾದ ಜೊತೆ ನನ್ನ ಬೆರಳುಗಳನ್ನೂ ಸೇರಿಸಿ ಒಮ್ಮೆ ಬಿಗಿಯಾಗಿ ಅದುಮಿತು. ಆಮೇಲೆ ಹೋಯಿತು.

ಬಸ್ಸು ಹೊರಟಿತು. ಬ್ಯಾಂಡಿನವನೊಬ್ಬನಿಗೆ ಏನನ್ನಿಸಿತೋ, ನನ್ನನ್ನು ಕಳಿಸಿಕೊಡಲೆಂದು ಡೋಲಿಗೆ ಎರಡು ಪೆಟ್ಟು ಕೊಟ್ಟ. ಕಿಟಕಿಯಿಂದ ತಲೆ ಹೊರಹಾಕಿದ್ದ ನನಗೆ ಶರಣಮ್ಮನವರ ದನಿ ಸ್ಪಷ್ಟವಾಗಿ ಕೇಳಿತು. ನಾನು ಕೇಳಿದ ಅವರ ಕಡೆಯ ಮಾತು ಅದು:

“ಏ, ಸುಮ್ನಿರಲೇ! ನಟ್ಟಿನ ಸಪ್ಪಳ ಕೇಳಾಕತ್ತೀನಿ.”