ಆರನೆಯ ಕುರ್ಚಿ

ನನ್ನ ಸೋದರತ್ತೆ ಕುರ್ಚಿಗಳ ವಿನ್ಯಾಸಕಿ. ವಿನ್ಯಾಸಕಾರರ ಸಂಘದ ವಾರ್ಷಿಕ ಚರ್ಚೆಗೆ ವೇದಿಕೆಯ ಮೇಲೆ ಹಾಕುವ ಕುರ್ಚಿಗಳೆಲ್ಲ ಅವಳು ಮಾಡಿದವೇ. ಅವುಗಳಲ್ಲಿ ಕೂತು ಮಾತನಾಡುವವರು ಮಾತ್ರ ಯಾವಾಗಲೂ ಐವರು ಗಂಡಸರು. ಈ ಸಲ ಕಾರ್ಯದರ್ಶಿಗಳು ಅವಳನ್ನೂ ಮಾತಿಗೆ ಕರೆದಿದ್ದರು. ಅತ್ತೆ ತನಗೆಂದೇ ಆರನೆಯ ಕುರ್ಚಿ ಮಾಡಿ ಮೊದಲೇ ಕಳಿಸಿದಳು. ಅದರ ಕಾಲು ಬಡಿದು ಬಿಗಿಮಾಡಲು ಮರದ ಕೊಡತಿಯನ್ನೂ ಹಿಡಿದು ಹೋದಳು.

ಹೋಗಿ ನೋಡಿದರೆ ಆ ಕುರ್ಚಿಯಲ್ಲಿ ಕಾರ್ಯದರ್ಶಿಯ ಅಳಿಯ ಕೂತಿದ್ದ.

"ಏಳಪ್ಪ, ಅದು ನನ್ನ ಜಾಗ."

"ಕೆಳಗಡೆ ಮುಂದಿನ ಸಾಲಲ್ಲೇ ಕೂತ್ಕೊಳ್ಳಿ ಅಕ್ಕ. ಮಾಡೋರು ನೀವು, ಕೂರೋರು ನಾವು, ಸರಿಹೋಯ್ತಲ್ಲ?" ಎಂದು ಅಳಿಯ ನಕ್ಕ. ವೇದಿಕೆಯಲ್ಲಿದ್ದವರೆಲ್ಲ ನಕ್ಕರು.

ಅತ್ತೆ ಕೊಡತಿ ಬೀಸಿದಳು. ಕುರ್ಚಿಯ ಮುಂಗಾಲು ಮುರಿದು ಅಳಿಯ ಮುಖ ಅಡಿಯಾಗಿ ಬಿದ್ದ. ತುಟಿ ಸೀಳಿ ರಕ್ತ ಸುರಿಯಿತು. ವೇದಿಕೆಯಲ್ಲಿದ್ದ ಇಬ್ಬರು ಅತ್ತೆಯ ಬಲಗೈ ತಿರುಚಿ ಮೆಟ್ಟಿಲಿಂದ ಕೆಳಕ್ಕೆ ದಬ್ಬಿದರು. ಮಣಿಕಟ್ಟು ಲಟ್ಟೆಂದದ್ದು ನಾನಿದ್ದ ಕೊನೆಯ ಸಾಲಿಗೂ ಕೇಳಿಸಿತು. ಅವಳು ಎದ್ದು ಮತ್ತೆ ಮೇಲೆ ಹತ್ತಿದಳು. ಮುರಿದ ಕುರ್ಚಿಯನ್ನು ಎಡಗೈಯಲ್ಲಿ ದರದರ ಎಳೆದುಕೊಂಡು ಹೊರಗೆ ಬಂದಳು.

"ಇದನ್ನ ಒಲೆಗೆ ಹಾಕ್ಲಾ?" ಎಂದು ಮನೆಯಲ್ಲಿ ಮಾವ ಗದರಿದರು.

"ಮುಟ್ಟಿ ನೋಡಿ, ನಿಮ್ಮ ಕೈಗೂ ಪಟ್ಟಿ ಬೀಳುತ್ತೆ. ಮುಂದಿನ ವರ್ಷ ಇದರಲ್ಲಿ ಕೂರೋದು ನಾನೇ," ಎಂದು ಅತ್ತೆ ಪಟ್ಟಿ ಕಟ್ಟಿದ ಬಲಗೈ ಪಕ್ಕಕ್ಕಿಟ್ಟು ಎಡಗೈಯಿಂದಲೇ ಹೊಸ ಕಾಲಿನ ಚಿತ್ರ ಬರೆಯತೊಡಗಿದಳು. "ಈ ಸಲ ಕಾಲು ಕಬ್ಬಿಣದ್ದು."