ಕಾಕಾನ ಕಾರು ಸುಮ್ಮನಾದದ್ದು

ನಮ್ಮ ಕಾಕಾ ಬಂಕಾಪುರದ ಮನೆಗೆ ಅಮೆರಿಕದ ಹಳೆಯ ಕಾರೊಂದನ್ನು ತಂದ ದಿನವೇ ಕಾಕು ಅವರೊಡನೆ ಮಾತು ಬಿಟ್ಟರು. ತನ್ನನ್ನು ಕೇಳದೆ ತಂದರೆಂಬ ಸಿಟ್ಟು. ಎಂಟು ಸಿಲಿಂಡರಿನ, ಎರಡೇ ಬಾಗಿಲಿನ, ಓಣಿಯಲ್ಲಿ ಹೊರಳಲೂ ಆಗದಷ್ಟು ಉದ್ದದ ಆ ಕಾರು ಕಂಡರೆ ಯಾರಿಗಾದರೂ ಸಿಟ್ಟು ಬರಬೇಕು. ಆದರೆ ವರ್ಷಗಟ್ಟಲೆ ಮಾತು ಬಿಡುವುದು ನಮ್ಮ ಕಾಕುವಿಗೇ ಸಾಧ್ಯ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದರು: “ಜಳಕಕ್ಕ ನೀರು ಕಾದಾವು.” ಕಾಕಾನೂ ಅದೇ ಗೋಡೆಗೆ “ಹೂಂ” ಅನ್ನುತ್ತಿದ್ದರು.

ರೊಟ್ಟಿಯ ವಿಷಯದಲ್ಲಿ ಮಾತ್ರ ಸಿಟ್ಟು ನಡೆಯುತ್ತಿರಲಿಲ್ಲ. ಗಂಡನಿಗೆ ಆರಿದ ರೊಟ್ಟಿ ಬಡಿಸಿದವಳು ಅನ್ನಿಸಿಕೊಳ್ಳಲು ಕಾಕು ತಯಾರಿರಲಿಲ್ಲ. ಮಧ್ಯಾಹ್ನ ಕಾಕಾ ಶಿಗ್ಗಾಂವಿಯ ಅಂಗಡಿಯಿಂದ ಹೊರಟು ಹೆದ್ದಾರಿ ಬಿಟ್ಟು ಊರ ಕಡೆ ಹೊರಳಿದರೆ ಸಾಕು, ಕಾರಿನ ಅಬ್ಬರ ಅಡುಗೆಮನೆಗೇ ಕೇಳುತ್ತಿತ್ತು. ಊರ ಹಳೆಯ ಕೋಟೆಯಲ್ಲಿರುವ ನವಿಲುಗಳೆಲ್ಲ ಅದಕ್ಕೆ ಕೂಗಿ ಉತ್ತರ ಕೊಡುತ್ತಿದ್ದವು. ಆಗ ಕಾಕು ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದರು. ಕಾಕಾ ಕಾಲು ತೊಳೆದು ಕೂತಾಗ ತಾಟಿಗೆ ಉಬ್ಬಿದ ಜೋಳದ ರೊಟ್ಟಿ ಬೀಳುತ್ತಿತ್ತು.

ಹಾನಗಲ್ಲಿನಲ್ಲಿ ಗ್ಯಾರೇಜ್ ಇಟ್ಟವನು ನಾನು. ಊರಿಗೆ ಹೋದಾಗ ಆ ಸದ್ದು ಸಹಿಸಲಾಗಲಿಲ್ಲ. ಕಾರಿನ ಕೆಳಗೆ ಮಲಗಿ ನೋಡಿದೆ. ಎಂಜಿನ್ನಿನ ಹೊಗೆ ಕೂಡಿಸುವ ಮ್ಯಾನಿಫೋಲ್ಡ್ ಒಂದು ಕಡೆ, ಹೊಗೆ ಹೊರಗೆ ಒಯ್ಯುವ ಪೈಪು ಇನ್ನೊಂದು ಕಡೆ. ಅವೂ ಮಾತು ಬಿಟ್ಟಿದ್ದವು. ಪುಣ್ಯಾತ್ಮರು ಯಾರೋ ಪೈಪುಗಳನ್ನು ತಂತಿಯಲ್ಲಿ ತೂಗುಹಾಕಿದ್ದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಬಿಟ್ಟು ನೆನೆಸಿ ಬಿಚ್ಚಿದೆ. ಸವಣೂರಿನ ತಾಮ್ರದ ಕೆಲಸದ ಚಾಚಾನಿಂದ ಗ್ಯಾಸ್ಕೆಟ್ ಕತ್ತರಿಸಿಕೊಂಡು ಬಂದು, ಹೊಗೆ ಸೋರದಂತೆ ನಡುವೆ ಇಟ್ಟೆ. ಒಂದೇ ಬೋಲ್ಟನ್ನು ಪೂರ್ತಿ ಬಿಗಿಯದೆ, ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿದೆ. ಕಾರು ಚಾಲೂ ಮಾಡಿದರೆ ಬಾನೆಟ್ ಮೇಲೆ ಮಲಗಿದ್ದ ಬೆಕ್ಕು ಕಣ್ಣು ಕೂಡ ತೆರೆಯಲಿಲ್ಲ. ನನಗೆ ನನ್ನ ಮೇಲೇ ಹೆಮ್ಮೆ ಬಂತು.

ಮರುದಿನ ಕಾಕಾ ಸದ್ದಿಲ್ಲದೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕಾಕು ಕಳ್ಳನೆಂದು ಹಿಟ್ಟಿನ ಮುದ್ದೆ ಎಸೆದರು. ಅದು ಕಾಕಾನ ಮೂಗಿನ ಮೇಲಿನ ಚಾಳೀಸಿಗೆ ಮೆತ್ತಿಕೊಂಡಿತು. ಹಂಚು ಇನ್ನೂ ತಣ್ಣಗಿತ್ತು, ಕಾಕಾ ಅನ್ನ ಮಜ್ಜಿಗೆ ಉಂಡು ಎದ್ದರು. ಅದರ ಮರುದಿನ ಊರ ಕಡೆ ಹೊರಳುವಾಗಲೇ ಹಾರ್ನ್ ಹೊಡೆದು ನೋಡಿದರು. ಬಸ್ಸು, ಟ್ರ್ಯಾಕ್ಟರು, ಬಾಳೆಹಣ್ಣಿನ ಗಾಡಿ ಎಲ್ಲವೂ ಹಾರ್ನ್ ಹೊಡೆಯುವ ಊರಲ್ಲಿ ಯಾವುದಕ್ಕೆಂದು ಹಂಚು ಇಡಬೇಕು?

ಕಾಕು ಗೋಡೆಗೆ ಹೇಳಿದರು: “ಪೈಪ್ ಬಿಗಿದವರು ಅದನ್ನ ಸಡಲ ಮಾಡಿ ತಮ್ಮ ಊರಿಗೆ ಹೋಗ್ಲಿ.”

ನಾನು ಬೋಲ್ಟು ಬಿಚ್ಚುವ ಪಾನಾ ಹಿಡಿದು ಶಿಗ್ಗಾಂವಿಗೆ ಹೋಗಿ ಕಾಕಾನ ಜೊತೆಗೇ ಕಾರಿನಲ್ಲಿ ಹೊರಟೆ, ಮನೆ ಮುಟ್ಟಿದ ಮೇಲೆ ಸಡಲಿಸೋಣವೆಂದು. ಮನೆಯ ಹಿತ್ತಲಿನ ಬೇವಿನ ಗಿಡದ ಕೆಳಗೆ ಬಂದು ನಿಂತೆವು. ಅಷ್ಟರಲ್ಲಿ ಕಾಕಾನ ಫೋನ್ ರಿಂಗಾಯಿತು. ಹೆಸರು ನೋಡಿ ಅವರು ಯಾರೋ ತೀರಿಕೊಂಡರೆಂದೇ ತಿಳಿದರು.

“ಎಲ್ಲಿಗೆ ಬಂದ್ರಿ?” ಕಾಕುವಿನ ದನಿ. ಗೋಡೆಗಲ್ಲ, ಅವರಿಗೇ. “ಹಂಚು ಇಡ್ಲೇನ್ರಿ?”

ಅಡುಗೆಮನೆಯ ಕಿಟಕಿ ನಮ್ಮ ಎದುರಿಗೇ ಇತ್ತು. ಕಾಕಾ ಸೀಟಿನಲ್ಲಿ ಕುಗ್ಗಿ ಸಣ್ಣ ದನಿ ತೆಗೆದರು. “ಇನ್ನೂ ಶಿಗ್ಗಾಂವಿ ಬಿಟ್ಟಿಲ್ಲ. ಒಂದೀಟು ತಡದು ಮತ್ತ ಫೋನ್ ಮಾಡು.”

ನಾನು ಬಾಯಿ ತೆರೆದೆ. ಅವರು ನನ್ನ ಕೈಯಿಂದ ಪಾನಾ ಕಸಿದುಕೊಂಡರು.

“ಬಂದೇನಿ ಅಂದ್ರ ಫೋನ್ ಇಟ್ಟಬಿಡ್ತಾಳೋ,” ಅಂದರು.

ನನಗೆ ಹಸಿವಿನಿಂದ ಜೀವ ಹೋಗುತ್ತಿತ್ತು. ಎಂಜಿನ್ ಚಾಲೂ ಇತ್ತು. ಆದರೂ ಒಳಗೆ ಹಿಟ್ಟು ನಾದುವ ಕೈಯ ಬಳೆಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕಾಕಾ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದನ್ನೇ ನೋಡುತ್ತ ಕುಳಿತರು.